ನಡಿಗೆ ಕಮ್ಮಿ, ನಿಲ್ಲೋದು ಜಾಸ್ತಿ: ಕೆರೆ ಹಕ್ಕಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ಈ ಅಂಕಣದ ಅಂಚೆಯಲ್ಲಿ ಗಿಡದ ರೋಗ, ನಾಯಿಮರಿ ಎಲ್ಲ ಹಿಂದೆ ಸರಿದು ಹಕ್ಕಿಗಳು ಮುಂದೆ ಬರುತ್ತವೆ. ಈ ಸಲವಂತೂ ಪಾರ್ಕಿನ ಕೆರೆ ಸುತ್ತುವವರದ್ದೇ ಪತ್ರಗಳು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಹೆಸರು ಹಾಕಬೇಡಿ ಅಂದವರೇ ಜಾಸ್ತಿ. ಹಾಗಾಗಿ ಎಲ್ಲರಿಗೂ ನಾನೇ ಅಡ್ಡಹೆಸರು ಇಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ದಿನಾ ಬೆಳಿಗ್ಗೆ ಪಾರ್ಕಿನ ಕೆರೆಗೆ ಮೂರು ಸುತ್ತು ಹಾಕುತ್ತೇನೆ. ಕಾಗೆ, ಪಾರಿವಾಳ, ಬೆಳ್ಳಕ್ಕಿ ಬಿಟ್ಟರೆ ಏನೂ ಕಾಣುವುದಿಲ್ಲ. ಅದೇ ಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಮೂವತ್ತು ಥರದ ಹಕ್ಕಿ ನೋಡಿದೆ ಅನ್ನುತ್ತಾರೆ. ಸುಳ್ಳು ಹೇಳುತ್ತಿದ್ದಾರಾ?
— ಮೂರು ಸುತ್ತಿನವರು

ಉತ್ತರ: ಖಂಡಿತ ಸುಳ್ಳಲ್ಲ. ನೀವು ನಡೆಯುತ್ತೀರಿ, ಅವರು ನಿಲ್ಲುತ್ತಾರೆ. ವ್ಯತ್ಯಾಸ ಇಷ್ಟೇ.

ಕೆರೆ ದಂಡೆಯ ಹಕ್ಕಿಗೆ ನಡೆದು ಬರುವ ಮನುಷ್ಯ ಅಂದರೆ ಸರಿದುಕೊಳ್ಳಬೇಕಾದ ವಸ್ತು. ನೀವು ಬರುವ ಮೊದಲೇ ಅದು ಜೊಂಡಿನ ಒಳಗೆ ಹೋಗಿರುತ್ತದೆ. ಹೋದದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಅದೇ ಜಾಗದಲ್ಲಿ ಹತ್ತು ನಿಮಿಷ ಸುಮ್ನೆ ನಿಂತರೆ ಮೊದಲು ಜೊಂಡಿನ ಬುಡ ಅಲ್ಲಾಡುತ್ತದೆ. ಆಮೇಲೆ ಕೆಂಪು ಹಣೆಯ ನೀರುಕೋಳಿ ಬಾಲ ಕುಣಿಸುತ್ತಾ ಹೊರಗೆ ಬರುತ್ತದೆ. ಹಿಂದೆಯೇ ಇನ್ನೊಂದು. ನೀವು ಬೆಳ್ಳಕ್ಕಿ ಅಂದುಕೊಂಡು ಬಿಟ್ಟುಹೋದ ಕಡೆ ಕೊಳದ ಬಕವೂ ಕೂತಿರುತ್ತದೆ. ಅದು ಕೂತಾಗ ಮಣ್ಣಿನ ಬಣ್ಣ, ಹಾರಿದಾಗ ಮಾತ್ರ ರೆಕ್ಕೆಯ ಬಿಳಿ ಕಾಣುತ್ತದೆ.

ಮೂರು ಸುತ್ತಿನಲ್ಲಿ ಎರಡನ್ನು ವ್ಯಾಯಾಮಕ್ಕೆ ಇಟ್ಟುಕೊಳ್ಳಿ. ಮೂರನೆಯದನ್ನು ಬಿಟ್ಟುಬಿಡಿ. ಆ ಹೊತ್ತಿನಲ್ಲಿ ನಾಲ್ಕು ಕಡೆ ನಿಲ್ಲಿ: ಜೊಂಡು ಇರುವ ಮೂಲೆ, ನೀರು ತೆಳ್ಳಗಾಗಿ ಕೆಸರು ಕಾಣುವ ಜಾಗ, ನೀರಿನ ಮೇಲೆ ಚಾಚಿದ ಒಣಕೊಂಬೆ ಇರುವ ಮರ, ಮತ್ತೆ ಕೆರೆಗೆ ನೀರು ಬರುವ ಕಾಲುವೆಯ ಬಾಯಿ. ಹುಲ್ಲುಹಾಸು, ಹೂವಿನ ಮಡಿ, ಸೆಲ್ಫಿ ತೆಗೆಯುವ ಕಟ್ಟೆ ಇವನ್ನೆಲ್ಲ ಬೇಗ ದಾಟಿಬಿಡಿ.

ಇನ್ನೊಂದು ವಿಷಯವನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಹೊತ್ತು ಕೆರೆಯ ಪೂರ್ವ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿ. ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಬೆಳಕು ಹಕ್ಕಿಯ ಮೇಲೆ ಬಿದ್ದಿರುತ್ತದೆ. ಎದುರು ದಂಡೆಯಿಂದ ನೋಡಿದರೆ ಅದೇ ಹಕ್ಕಿ ಬರೀ ಕಪ್ಪು ಆಕಾರ. ಸಂಜೆ ಇದರ ಉಲ್ಟಾ. ಎಷ್ಟೋ ಜನ ದುಬಾರಿ ದುರ್ಬೀನು ಹಿಡಿದು ಸೂರ್ಯನ ಕಡೆಗೇ ಮುಖ ಮಾಡಿ ನಿಂತು, ಬಣ್ಣ ಕಾಣಲ್ಲ ಅಂತ ಗೊಣಗುವುದನ್ನು ನೋಡಿದ್ದೇನೆ.

ಪ್ರಶ್ನೆ: ಬಿಳಿ ಅಂಗಿ ಹಾಕಿಕೊಂಡು ಹೋದರೆ ಹಕ್ಕಿ ಹಾರಿಹೋಗುತ್ತಾ?
— ಬಿಳಿ ಜುಬ್ಬಾ

ಉತ್ತರ: ಅಂಗಿಗಿಂತ ಮಾತು ಜಾಸ್ತಿ ಓಡಿಸುತ್ತದೆ. ಮಾತಿಗಿಂತ ಕೈ ಎತ್ತಿ ಬೆರಳು ತೋರಿಸುವುದು ಇನ್ನೂ ಜಾಸ್ತಿ. ಆದರೂ ಮಾಸಲು ಬಣ್ಣದ ಜುಬ್ಬಾ ಇದ್ದರೆ ಅದನ್ನೇ ಹಾಕಿ.

ಪ್ರಶ್ನೆ: ದುರ್ಬೀನು ಕೊಳ್ಳಬೇಕು. ಒಬ್ಬರು 8 ಅನ್ನುತ್ತಾರೆ, ಇನ್ನೊಬ್ಬರು 10, ಆನ್‌ಲೈನ್‌ನಲ್ಲಿ 50ರ ತನಕ ಇದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದಲ್ವಾ?
— ಕಣ್ಣಿಗೆ ಕನ್ನಡಕ ಇರುವವರು

ಉತ್ತರ: ಅಲ್ಲ. ದುರ್ಬೀನಿನ ಮೇಲೆ 8×42 ಅಂತ ಬರೆದಿರುತ್ತದೆ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ. 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ: 5.25. ಕಣ್ಣಿಗೆ ಬಂದು ತಲುಪುವ ಬೆಳಕಿನ ಬಿಲ್ಲೆ ಅಷ್ಟು ಮಿಲಿಮೀಟರ್ ಅಗಲ. ಜೇಬಲ್ಲಿ ಹಿಡಿಸುವ 10×25 ತೆಗೆದುಕೊಂಡರೆ ಅದು 2.5 ಮಾತ್ರ. ಮಧ್ಯಾಹ್ನ ಪರವಾಗಿಲ್ಲ. ಬೆಳಗಿನ ಮಬ್ಬಿನಲ್ಲಿ, ಅಂದರೆ ಹಕ್ಕಿ ನೋಡುವ ಹೊತ್ತಿನಲ್ಲೇ, ಕತ್ತಲೆ ಕತ್ತಲೆ.

ಪಟ್ಟು ಹೆಚ್ಚಿದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ. ಕಾಣುವ ಜಾಗವೂ ಕಿರಿದಾಗುತ್ತದೆ, ಹಾರುವ ಹಕ್ಕಿ ಒಳಗೆ ಸಿಗುವುದೇ ಇಲ್ಲ. 50 ಪಟ್ಟನ್ನು ಸ್ಟ್ಯಾಂಡಿಲ್ಲದೆ ಬರಿಗೈಯಲ್ಲಿ ಹಿಡಿದು ಹಕ್ಕಿ ನೋಡಿದವರು ನನಗೆ ಸಿಕ್ಕಿಲ್ಲ. 8×42 ಅಥವಾ 8×32 ತೆಗೆದುಕೊಳ್ಳಿ, ಅಷ್ಟು ಸಾಕು.

ನಿಮಗೆ ಕನ್ನಡಕ ಇದೆ. ಕಣ್ಣಿನ ಕಡೆಯ ರಬ್ಬರ್ ಬಟ್ಟಲನ್ನು ಒಳಗೆ ಮಡಚಿ ಅಥವಾ ತಿರುಗಿಸಿ ಇಳಿಸಿ, ಕನ್ನಡಕ ಹಾಕಿಕೊಂಡೇ ನೋಡಿ. ಕೊಳ್ಳುವ ಮೊದಲೇ ಹೀಗೆ ನೋಡಿ, ಸುತ್ತ ಕಪ್ಪು ಅಂಚು ಜಾಸ್ತಿ ಬಂದರೆ ಬೇರೆ ಮಾಡೆಲ್ ಕೇಳಿ. ಆಮೇಲೆ ಎರಡು ಕಣ್ಣಿಗೂ ಹೊಂದಿಸಿಕೊಳ್ಳಿ. ಬಲಗಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರ ಸ್ಪಷ್ಟ ಕಾಣುವ ತನಕ ನಡುವಿನ ಚಕ್ರ ತಿರುಗಿಸಿ. ಈಗ ಎಡಗಣ್ಣು ಮುಚ್ಚಿ, ಅದೇ ಅಕ್ಷರಕ್ಕೆ ಬಲಗಣ್ಣಿನ ಕಡೆ ಇರುವ ಬಳೆಯನ್ನು ತಿರುಗಿಸಿ. ಇದನ್ನು ಒಂದು ಸಲ ಮಾಡಿಟ್ಟರೆ ಆಯಿತು. ಎಷ್ಟೋ ಮನೆಯಲ್ಲಿ ಈ ಬಳೆ ತಂದ ದಿನದಿಂದ ಅಲ್ಲಾಡಿರುವುದೇ ಇಲ್ಲ, ತಲೆನೋವು ಬಂತು ಅಂತ ದುರ್ಬೀನು ಬೀರು ಸೇರಿರುತ್ತದೆ.

ಹಕ್ಕಿ ಕಂಡಾಗ ಕಣ್ಣು ಕೆಳಗೆ ಇಳಿಸಬೇಡಿ. ಹಕ್ಕಿಯನ್ನೇ ನೋಡುತ್ತಾ ದುರ್ಬೀನನ್ನು ಕಣ್ಣಿಗೆ ತನ್ನಿ. ಸೂರ್ಯನ ಕಡೆ ಮಾತ್ರ ಯಾವತ್ತೂ ತಿರುಗಿಸಬೇಡಿ.

ಪ್ರಶ್ನೆ: ಕೆರೆ ಮಧ್ಯದ ಕಲ್ಲಿನ ಮೇಲೆ ಕಪ್ಪು ಹಕ್ಕಿ ರೆಕ್ಕೆ ಬಿಚ್ಚಿ ಒಣಗಿಸುತ್ತದೆ. ಬಾತುಕೋಳಿ ಯಾಕೆ ಒಣಗಿಸಲ್ಲ? ನಮ್ಮ ಮಿಸ್ ಹೇಳಲಿಲ್ಲ.
— ನಾಲ್ಕನೇ ಕ್ಲಾಸ್

ಉತ್ತರ: ಒಳ್ಳೆ ಪ್ರಶ್ನೆ ಪುಟ್ಟಾ. ಅದು ನೀರುಕಾಗೆ. ಬಾತುಕೋಳಿ ನೀರಿನ ಮೇಲೆ ತೇಲಬೇಕು. ಅದರ ಗರಿಗಳ ಎಳೆ ಒಂದಕ್ಕೊಂದು ಒತ್ತಾಗಿ ಹೆಣೆದುಕೊಂಡಿವೆ. ಬಾಲದ ಬುಡದಲ್ಲಿ ಎಣ್ಣೆ ಬರುವ ಒಂದು ಗ್ರಂಥಿ ಇದೆ. ಕೊಕ್ಕಿನಿಂದ ಆ ಎಣ್ಣೆ ತೆಗೆದು ಮೈಗೆಲ್ಲ ಸವರಿಕೊಳ್ಳುತ್ತದೆ. ನೀರು ಒಳಗೆ ಇಳಿಯುವುದಿಲ್ಲ.

ನೀರುಕಾಗೆ ಮೀನಿನ ಹಿಂದೆ ನೀರೊಳಗೆ ಮುಳುಗಬೇಕು. ತೇಲುವ ಮೈ ಇದ್ದರೆ ಮುಳುಗುವುದು ಕಷ್ಟ, ಅಲ್ವಾ? ಅದರ ಗರಿಯ ಹೊರ ಅಂಚು ನೀರು ಹೀರಿಕೊಳ್ಳುತ್ತದೆ, ಗರಿಗಳ ನಡುವಿನ ಗಾಳಿ ಹೊರಗೆ ಹೋಗುತ್ತದೆ. ಆಗ ಸಲೀಸಾಗಿ ಮುಳುಗಬಹುದು. ಮೀನು ಹಿಡಿದು ಮೇಲೆ ಬಂದ ಮೇಲೆ ರೆಕ್ಕೆ ಭಾರ. ಅದಕ್ಕೇ ಬಿಸಿಲಿಗೆ, ಗಾಳಿಗೆ ಬಿಚ್ಚಿ ನಿಲ್ಲುತ್ತದೆ. ಮುಂದಿನ ಸಲ ಅದರ ಪಕ್ಕದಲ್ಲಿ ಹಾವಿನ ಕತ್ತಿನ ಹಕ್ಕಿ ಇದೆಯಾ ನೋಡು. ಈಜುವಾಗ ಕತ್ತು ಮಾತ್ರ ನೀರಿನ ಮೇಲಿರುತ್ತದೆ. ಅದು ಹಾವಕ್ಕಿ. ಅದೂ ಹೀಗೇ ರೆಕ್ಕೆ ಒಣಗಿಸುತ್ತದೆ. ನಿಮ್ಮ ಮಿಸ್‌ಗೂ ಹೇಳು, ಖುಷಿ ಪಡುತ್ತಾರೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ನಮ್ಮ ಕೆರೆಗೆ ಹೊಸ ಹಕ್ಕಿಯೊಂದು ಬಂದಿದೆ. ಬೆನ್ನು ಕಡು ಕೆಂಗಂದು, ಕತ್ತು ಹಳದಿ ಮಿಶ್ರಿತ, ತಲೆಯ ಹಿಂದೆ ಉದ್ದ ಎಳೆಗಳು. ಪುಸ್ತಕದಲ್ಲಿ ಹುಡುಕಿ ಸಾಕಾಯಿತು. ಅಪರೂಪದ್ದಾ?
— ಉತ್ಸಾಹಿ

ಉತ್ತರ: ನೀವು ಚಳಿಗಾಲವೆಲ್ಲ ನೋಡಿ ಬೇಸರಪಟ್ಟ ಕೊಳದ ಬಕವೇ ಅದು! ಸಂತಾನದ ಕಾಲ ಹತ್ತಿರ ಬಂದಾಗ ಆ ಮಾಸಲು ಗೆರೆಗಳೆಲ್ಲ ಹೋಗಿ ಈ ಬಣ್ಣ ಬರುತ್ತದೆ. ನಂಬಿಕೆ ಬರದಿದ್ದರೆ ಅದು ಹಾರುವ ತನಕ ಕಾಯಿರಿ. ರೆಕ್ಕೆ ಬಿಚ್ಚಿದರೆ ಅದೇ ಹಳೆ ಬಿಳಿ.

ಬೇಸಿಗೆ ಹತ್ತಿರವಾದಂತೆ ಕೆರೆ ನೋಡುವುದರ ಮಜಾ ಇರುವುದೇ ಇದರಲ್ಲಿ. ಹಕ್ಕಿ ಅವೇ, ಬಣ್ಣ ಬೇರೆ. ಗೋವಕ್ಕಿಯ ತಲೆ, ಕತ್ತು, ಬೆನ್ನಿಗೆ ಕಿತ್ತಳೆ ಛಾಯೆ ಬರುತ್ತದೆ. ಕಂದುಬಣ್ಣದ ಪುಟ್ಟ ಗುಳುಮುಳುಕದ ಕೆನ್ನೆ, ಕತ್ತು ಇಟ್ಟಿಗೆ ಕೆಂಪಾಗುತ್ತದೆ, ಬಾಯಿಯ ಬುಡದಲ್ಲಿ ತೆಳು ಹಳದಿ ಚುಕ್ಕೆ ಎದ್ದು ಕಾಣುತ್ತದೆ. ಉದ್ದ ಬಾಲದ ದೇವನಕ್ಕಿಗೆ ಚಳಿಗಾಲದಲ್ಲಿ ಆ ಉದ್ದ ಬಾಲವೇ ಇರುವುದಿಲ್ಲ. ಮಳೆಗಾಲದ ಸಂತಾನಕ್ಕೆ ಮೊದಲು ಬೆಳೆಯುತ್ತದೆ, ಕತ್ತಿನ ಹಿಂದೆ ಹೊಂಬಣ್ಣ ಬರುತ್ತದೆ. ಅದರ ಸಂಸಾರವೂ ತಲೆಕೆಳಗು. ಹೆಣ್ಣು ಒಂದು ಗಂಡಿಗೆ ಮೊಟ್ಟೆ ಇಟ್ಟುಕೊಟ್ಟು ಇನ್ನೊಂದು ಗಂಡಿನ ಕಡೆ ಹೋಗುತ್ತದೆ. ಕಾವು ಕೂರುವುದು, ಮರಿ ನೋಡಿಕೊಳ್ಳುವುದು ಎಲ್ಲ ಗಂಡಿನದೇ.

ಕಿರುಬೆಳ್ಳಕ್ಕಿಯ ತಲೆಯ ಹಿಂದಿನ ಎರಡು ಉದ್ದ ಗರಿ, ಬೆನ್ನ ಮೇಲಿನ ಜಾಲರಿ ನೋಡಲು ಮರೆಯಬೇಡಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಯುರೋಪು, ಅಮೆರಿಕದ ಹೆಂಗಸರ ಟೋಪಿಗೆ ಇಂಥ ಗರಿಗಳೇ ಬೇಕಿತ್ತು. ಸಂತಾನದ ಕಾಲದಲ್ಲೇ ಗರಿ ಬರುವುದರಿಂದ, ಗೂಡಿನ ಹತ್ತಿರವೇ ಕೊಂದು ಗರಿ ಕೀಳುತ್ತಿದ್ದರು. ಮರಿಗಳು ಅಲ್ಲೇ ಸಾಯುತ್ತಿದ್ದವು. ಇದನ್ನು ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನಲ್ಲಿ ಹೆಂಗಸರೇ ಸೇರಿ ಒಂದು ಸಂಘ ಕಟ್ಟಿದರು. ಇವತ್ತಿನ ರಾಯಲ್ ಸೊಸೈಟಿ ಫಾರ್ ದ ಪ್ರೊಟೆಕ್ಷನ್ ಆಫ್ ಬರ್ಡ್ಸ್ ಶುರುವಾದದ್ದು ಹೀಗೆ.

ಪ್ರಶ್ನೆ: ಜನವರಿಯಲ್ಲಿ ಕೆರೆ ತುಂಬ ಬಾತುಗಳಿದ್ದವು. ಮಾರ್ಚ್ ಕೊನೆಗೆ ಹೋದರೆ ಖಾಲಿ. ಯಾರಾದರೂ ಓಡಿಸಿದರಾ? ಅಥವಾ ನೀರು ಕೆಟ್ಟಿತಾ? ಹೋಗುವ ದಿನ ಅವಕ್ಕೆ ಹೇಗೆ ಗೊತ್ತಾಗುತ್ತದೆ?
— ಚಿಂತೆಯಲ್ಲಿರುವವರು

ಉತ್ತರ: ನೀರನ್ನು ಪರೀಕ್ಷೆ ಮಾಡಿಸಿದರೆ ಒಳ್ಳೆಯದೇ, ಆದರೆ ಬಾತುಗಳು ಹೋದದ್ದು ಊರಿಗೆ. ಸೂಜಿಬಾಲದ ಬಾತು, ಚಲುಕದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ಚಳಿಗಾಲ ಕಳೆಯಲು ಬಂದವು. ಮೊಟ್ಟೆ ಇಡುವುದು ಉತ್ತರದಲ್ಲಿ, ಸೈಬೀರಿಯಾ, ಮಧ್ಯ ಏಷ್ಯಾ ಕಡೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೊರಟುಬಿಡುತ್ತವೆ. ಊರಲ್ಲೇ ಇರುವ ವರಟೆ ಬಾತು ಮಾತ್ರ ಉಳಿಯುತ್ತದೆ.

ಹೊರಡುವ ಮುಂಚಿನ ವಾರಗಳನ್ನು ನೀವು ತಪ್ಪಿಸಿಕೊಂಡಿರಿ ಅನ್ನುವುದೇ ನನ್ನ ಬೇಸರ. ಅಕ್ಟೋಬರ್, ನವೆಂಬರ್‌ನಲ್ಲಿ ಬರುವಾಗ ಗಂಡು ಬಾತುಗಳೂ ಹೆಣ್ಣಿನಂತೆ ಮಾಸಲಾಗಿಯೇ ಇರುತ್ತವೆ. ಯಾವುದು ಯಾವುದೋ ಗುರುತೇ ಸಿಗುವುದಿಲ್ಲ. ಇಲ್ಲಿದ್ದ ತಿಂಗಳುಗಳಲ್ಲಿ ಗರಿ ಬದಲಾಗಿ, ಫೆಬ್ರವರಿ ಹೊತ್ತಿಗೆ ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟವರ ಹಾಗೆ ಮಿಂಚುತ್ತವೆ. ಗಂಡು ಬಿಳಿಹುಬ್ಬಿನ ಬಾತಿನ ಹುಬ್ಬು ಆಗ ದೂರದಿಂದಲೇ ಕಾಣುತ್ತದೆ. ಚಲುಕದ ಬಾತಿನ ಗುಂಪು ಒಂದೇ ಕಡೆ ಗಿರಗಿರ ಸುತ್ತುತ್ತಿದ್ದರೆ ಆಟ ಅಂದುಕೊಳ್ಳಬೇಡಿ. ಸುತ್ತಿ ಸುತ್ತಿ ತಳದ ನೀರನ್ನು ಮೇಲಕ್ಕೆ ತರುತ್ತವೆ, ಜೊತೆಗೆ ಬಂದ ಸಣ್ಣ ಜೀವಿಗಳನ್ನು ಅಗಲ ಕೊಕ್ಕಿನ ಅಂಚಿನಲ್ಲಿರುವ ಹಲ್ಲುಗಳಂಥ ಎಳೆಗಳಲ್ಲಿ ಸೋಸಿ ತಿನ್ನುತ್ತವೆ. ಜೋಡಿಯೂ ಎಷ್ಟೋ ಸಲ ಇಲ್ಲೇ ಆಗಿಬಿಡುತ್ತದೆ. ಒಂದು ಹೆಣ್ಣಿನ ಸುತ್ತ ನಾಲ್ಕೈದು ಗಂಡು ತಲೆ ಕುಣಿಸುತ್ತಿದ್ದರೆ ಅಲ್ಲೇ ನಿಂತುಬಿಡಿ. ಅವತ್ತಿನ ಬೇರೆ ಹಕ್ಕಿ ಯಾವುದೂ ಬೇಕಾಗಿಲ್ಲ.

ದಿನ ಹೇಗೆ ಗೊತ್ತಾಗುತ್ತದೆ ಅಂದಿರಿ. ವಲಸೆ ಹಕ್ಕಿಯ ಮೈಯೊಳಗೆ ವರ್ಷದ ಗಡಿಯಾರ ಒಂದಿದೆ. ಹಗಲು ಉದ್ದವಾಗುವುದು ಅದನ್ನು ತಿದ್ದುತ್ತಾ ಇರುತ್ತದೆ. ಹಾರ್ಮೋನು ಬದಲಾಗುತ್ತದೆ, ಹಸಿವು ಜಾಸ್ತಿಯಾಗುತ್ತದೆ, ತಿಂದದ್ದೆಲ್ಲ ಕೊಬ್ಬಾಗುತ್ತದೆ. ದೂರ ಹಾರುವ ಕೆಲವು ಗೊರವಗಳ (ಕೆಸರಲ್ಲಿ ಮೇಯುವ ಹಕ್ಕಿಗಳು) ತೂಕ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆಮೇಲೆ ರಾತ್ರಿ ಹೊತ್ತು ಚಡಪಡಿಕೆ. ಪಂಜರದಲ್ಲಿಟ್ಟ ವಲಸೆ ಹಕ್ಕಿಗಳೂ ಆ ಕಾಲಕ್ಕೆ ತಾವು ಹೋಗಬೇಕಾದ ದಿಕ್ಕಿಗೇ ನೆಗೆಯುತ್ತವೆ. ಇದೆಲ್ಲ ಸಿದ್ಧವಾದ ಮೇಲೆ ಗಾಳಿ ಅನುಕೂಲವಾದ ದಿನ ಹೊರಡುತ್ತವೆ. ಅದಕ್ಕೇ ನಿನ್ನೆ ಇದ್ದದ್ದು ಇವತ್ತು ಇರುವುದಿಲ್ಲ.

ಪಟ್ಟೆತಲೆ ಹೆಬ್ಬಾತಿನ ದಾರಿ ಇನ್ನೂ ಕಷ್ಟದ್ದು, ನಡುವೆ ಹಿಮಾಲಯ ಇದೆ. ಮೈಗೆ ಯಂತ್ರ ಕಟ್ಟಿ ಅಳೆದಾಗ 7,000 ಮೀಟರ್‌ಗಿಂತ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅದರ ರಕ್ತ ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬೇಗ ಹಿಡಿದುಕೊಳ್ಳುತ್ತದೆ. ನಾವು ಅಲ್ಲಿ ಹೋದರೆ ಕೂತಲ್ಲೇ ಏದುಸಿರು.

ಸಿಪಿಲೆ, ಕವಲುತೋಕೆ, ಗುಲಾಬಿ ಕಬ್ಬಕ್ಕಿ ಇವೂ ಇದೇ ಹೊತ್ತಿಗೆ ಖಾಲಿಯಾಗುತ್ತವೆ. ಕವಲುತೋಕೆಗಳು ತಂತಿಯ ಮೇಲೆ ಸಾಲಾಗಿ ಸೇರುತ್ತಿದ್ದರೆ ಇನ್ನು ಜಾಸ್ತಿ ದಿನ ಇಲ್ಲ ಅಂತ ಇಟ್ಟುಕೊಳ್ಳಿ. ಹೋದ ದಿನ ಬರೆದಿಡಿ. ಕೊನೆಯದಾಗಿ ಯಾವಾಗ ಕಂಡಿತು ಅನ್ನುವುದನ್ನು ಬರೆದಿಡುವವರು ಕಮ್ಮಿ, ಮೊದಲು ಕಂಡದ್ದನ್ನು ಎಲ್ಲರೂ ಬರೆಯುತ್ತಾರೆ.

ಪ್ರಶ್ನೆ: ಕೆರೆ ಪಕ್ಕದ ಬಯಲಲ್ಲಿ ಒಂದು ಹಕ್ಕಿ ದಿನಾ ನನ್ನ ತಲೆ ಮೇಲೆ ಕಿರುಚುತ್ತಾ ಎರಗಲು ಬರುತ್ತದೆ. ನಾನೇನೂ ಮಾಡಿಲ್ಲ!
— ನಿರಪರಾಧಿ

ಉತ್ತರ: ಕಣ್ಣಿನ ಮುಂದೆ ಕೆಂಪು ತೊಗಲು, ಹಳದಿ ಕಾಲು ಇದ್ದರೆ ಟಿಟ್ಟಿಭ. ಬೇಸಿಗೆ ಅದಕ್ಕೆ ಮೊಟ್ಟೆಯ ಕಾಲ. ಗೂಡು ಕಟ್ಟುವುದಿಲ್ಲ. ನೆಲದಲ್ಲಿ ಸಣ್ಣ ತಗ್ಗು, ಸುತ್ತ ನಾಲ್ಕು ಕಲ್ಲು, ಅಷ್ಟೇ. ನಾಲ್ಕು ಮೊಟ್ಟೆ ಇರುತ್ತವೆ, ಬಣ್ಣ ಪಕ್ಕಾ ಮಣ್ಣು ಕಲ್ಲಿನದ್ದೇ. ನೀವು ಕಾಲಿಡುವ ತನಕ ಕಾಣುವುದಿಲ್ಲ. ಅದಕ್ಕೇ ಕಿರುಚುತ್ತದೆ.

ಗೂಡು ಹುಡುಕಲು ಹೋಗಬೇಡಿ. ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ನೀವು ಅಲ್ಲೇ ನಿಂತು ಫೋಟೊ ತೆಗೆಯುವಷ್ಟು ಹೊತ್ತು ಅದು ಮೊಟ್ಟೆಯಿಂದ ದೂರ ಇರುತ್ತದೆ, ಮೊಟ್ಟೆ ಬಿಸಿಲಲ್ಲಿ ಬೇಯುತ್ತದೆ. ಬಿಸಿಲು ಜೋರಾದಾಗ ಟಿಟ್ಟಿಭ ನೀರಿಗೆ ಹೋಗಿ ಹೊಟ್ಟೆಯ ಗರಿ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ, ಅಷ್ಟು ಜೋಪಾನ. ದೂರದಿಂದ ದುರ್ಬೀನಿನಲ್ಲಿ ಇದನ್ನು ನೋಡಬಹುದು. ಮೂರ್ನಾಲ್ಕು ವಾರ ದಾರಿ ಬದಲಿಸಿ.

ಪ್ರಶ್ನೆ: ಮಗ ಮೊಬೈಲ್ ಆ್ಯಪ್ ಸಾಕು ಅನ್ನುತ್ತಾನೆ, ಅವರಪ್ಪ ಪುಸ್ತಕವೇ ಬೇಕು ಅನ್ನುತ್ತಾರೆ. ಭಾನುವಾರದ ನಡಿಗೆ ಜಗಳದಲ್ಲೇ ಮುಗಿಯುತ್ತದೆ.
— ನಡುವೆ ಸಿಕ್ಕವರು

ಉತ್ತರ: ಇಬ್ಬರಿಗೂ ಮೊದಲ ಐದು ನಿಮಿಷ ಎರಡನ್ನೂ ಕೊಡಬೇಡಿ.

ಮೊದಲು ಹಕ್ಕಿ ನೋಡಲಿ. ಗುಬ್ಬಿಗಿಂತ ದೊಡ್ಡದಾ, ಗೊರವಂಕದಷ್ಟಾ, ಕಾಗೆಯಷ್ಟಾ? ಕೊಕ್ಕು ಉದ್ದವಾ, ಮೊಂಡಾ? ಕೂತಾಗ ನೆಟ್ಟಗಾ, ಮಲಗಿದ ಹಾಗಾ? ಬಾಲ ಅಲ್ಲಾಡಿಸುತ್ತಾ? ಏನು ಮಾಡುತ್ತಿದೆ? ಬಣ್ಣ ಕೊನೆಗೆ. ಬಣ್ಣ ಬೆಳಕಿನ ಜೊತೆ ಬದಲಾಗುತ್ತದೆ, ನಡವಳಿಕೆ ಬದಲಾಗುವುದಿಲ್ಲ. ಇದೆಲ್ಲ ಹೇಳಿದ ಮೇಲೆ ಪುಸ್ತಕವೋ ಆ್ಯಪೋ, ಯಾವುದಾದರೂ ಆಗುತ್ತದೆ.

ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಕೂಗು ಕೇಳಿಸಿಕೊಂಡು ಹೆಸರು ಸೂಚಿಸುತ್ತದೆ, ಉಚಿತ. ನಾನೂ ಬಳಸುತ್ತೇನೆ. ಆದರೆ ಅದು ಸೂಚಿಸುತ್ತದೆ ಅಷ್ಟೇ, ತೀರ್ಪು ಕೊಡುವುದಿಲ್ಲ. ಕಾಜಾಣ ಶಿಕ್ರ ಗಿಡುಗದ ಕೂಗನ್ನು ಅಣಕಿಸಿದರೆ ಆ್ಯಪೂ ಮೋಸಹೋಗಬಹುದು, ನಾವೂ ಮೋಸಹೋಗಬಹುದು. ಕೂಗಿದವರು ಯಾರು ಅಂತ ಕಣ್ಣಲ್ಲಿ ನೋಡಿಯೇ ಬರೆದುಕೊಳ್ಳಿ. ಪಟ್ಟಿಯನ್ನು ಇ-ಬರ್ಡ್ ಅನ್ನುವ ಜಾಲತಾಣಕ್ಕೆ ಹಾಕಿದರೆ ಸಂಶೋಧಕರಿಗೂ ಉಪಯೋಗ. ಅದು ಶುರುವಾದದ್ದು 2002ರಲ್ಲಿ, 2010ರಿಂದ ಜಗತ್ತಿನ ಎಲ್ಲ ಕಡೆಯ ಜನ ಅಲ್ಲಿ ಪಟ್ಟಿ ಹಾಕುತ್ತಿದ್ದಾರೆ.

ಮಗನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ. ಹಕ್ಕಿಯ ಕೂಗನ್ನು ಮೊಬೈಲಿನಲ್ಲಿ ಹಾಕಿ ಹಕ್ಕಿಯನ್ನು ಕರೆಯಬಾರದು, ಈ ತಿಂಗಳುಗಳಲ್ಲಂತೂ ಬೇಡವೇ ಬೇಡ. ಗಂಡು ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಬಂತು ಅಂದುಕೊಂಡು, ತಿನ್ನುವುದು, ಗೂಡು ಕಾಯುವುದು ಬಿಟ್ಟು ಜಗಳಕ್ಕೆ ಬರುತ್ತದೆ. ಜಗಳವಾಡಲು ಎದುರಿಗೆ ಯಾರೂ ಇರುವುದಿಲ್ಲ.

ಪ್ರಶ್ನೆ: ಬೆಳಗಿನ ಜಾವ ನಾಲ್ಕಕ್ಕೇ ಕೋಗಿಲೆ ಶುರು ಮಾಡುತ್ತದೆ. ನಿದ್ದೆ ಇಲ್ಲ. ನಿಲ್ಲಿಸುವ ಉಪಾಯ?
— ನಿದ್ದೆಗೆಟ್ಟವರು

ಉತ್ತರ: ಇಲ್ಲ. ಮಳೆಗಾಲ ಕಳೆಯುವ ತನಕ ಕಾಯಿರಿ. ಎದ್ದಿದ್ದೇ ಆಗಿದೆ, ಒಂದು ಕೆಲಸ ಮಾಡಿ. ಕುಹೂ ಅನ್ನುತ್ತಿರುವುದು ಗಂಡು, ಕಪ್ಪು ಮೈ, ಕೆಂಪು ಕಣ್ಣು. ಕಿಕ್ ಕಿಕ್ ಕಿಕ್ ಅಂತ ಬಿರುಸಾಗಿ ಕೂಗಿದರೆ ಹೆಣ್ಣು. ಕಂದು ಮೈ, ಬಿಳಿ ಚುಕ್ಕೆ. ಕಾಗೆಗಳು ಯಾವ ಮರದ ಸುತ್ತ ಅಟ್ಟಿಸಿಕೊಂಡು ಹೋಗುತ್ತಿವೆ ನೋಡಿ. ಅಲ್ಲೆಲ್ಲೋ ಕಾಗೆ ಗೂಡು ಇದೆ, ಕೋಗಿಲೆಗೆ ಅದರ ಮೇಲೆ ಕಣ್ಣಿದೆ.

ಪ್ರಶ್ನೆ: ವಾಕಿಂಗ್ ದಾರಿಯಲ್ಲಿ ಪಿಕಳಾರದ ಮರಿ ಬಿದ್ದಿತ್ತು. ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅಂತ ಯಾರೋ ಅಂದರು. ಬಿಟ್ಟು ಬಂದೆ. ಸರಿ ಮಾಡಿದೆನಾ?
— ಕಸಿವಿಸಿ

ಉತ್ತರ: ಮರಿ ಹೇಗಿತ್ತು ಅನ್ನುವುದರ ಮೇಲೆ. ಮೈತುಂಬ ಗರಿ ಬಂದು, ಮೊಂಡು ಬಾಲ ಇದ್ದು, ಕುಪ್ಪಳಿಸುತ್ತಿದ್ದರೆ ಅದು ಬಿದ್ದದ್ದಲ್ಲ, ಹಾರುವುದು ಕಲಿಯಲು ಹೊರಗೆ ಬಂದದ್ದು. ಅಪ್ಪ ಅಮ್ಮ ಹತ್ತಿರದಲ್ಲೇ ಇದ್ದು ತಿನ್ನಿಸುತ್ತಿರುತ್ತಾರೆ. ದಾರಿಯ ನಡುವೆ ಇದ್ದರೆ ಎತ್ತಿ ಪಕ್ಕದ ಪೊದೆಯಲ್ಲಿ ಬಿಟ್ಟು ಹೋಗಿ. ಗರಿಯೇ ಇಲ್ಲದ ಬೆತ್ತಲೆ ಮರಿಯಾದರೆ, ಗೂಡು ಕೈಗೆ ಸಿಕ್ಕರೆ ವಾಪಸ್ ಇಡಿ. ಮುಟ್ಟಿದರೆ ತಾಯಿ ಬಿಡುತ್ತದೆ ಅನ್ನುವುದು ನಿಜವಲ್ಲ. ಮನೆಗೆ ತಂದು ಹಾಲು ಕುಡಿಸುವುದು ಮಾತ್ರ ಮಾಡಬೇಡಿ.

ಪ್ರಶ್ನೆ: ಬಾತುಗಳಿಗೆ ಬ್ರೆಡ್ ಹಾಕಬಹುದಾ? ಮಕ್ಕಳಿಗೆ ಖುಷಿ.
— ಭಾನುವಾರದ ಕುಟುಂಬ

ಉತ್ತರ: ಬೇಡ. ಹೊಟ್ಟೆ ತುಂಬುತ್ತದೆ, ಪೌಷ್ಟಿಕ ಇಲ್ಲ. ಮಿಕ್ಕದ್ದು ನೀರಲ್ಲಿ ಕೊಳೆತು ಪಾಚಿ ಬೆಳೆಸುತ್ತದೆ, ಇಲಿ ಕರೆಯುತ್ತದೆ. ಮಕ್ಕಳ ಕೈಗೆ ದುರ್ಬೀನು ಕೊಡಿ.

ಪ್ರಶ್ನೆ: ನಮ್ಮ ಕೆರೆಗೆ ಸುತ್ತ ಕಲ್ಲು ಕಟ್ಟಿ, ಜೊಂಡು ಕಿತ್ತು, ದೀಪ ಹಾಕಿ ಚಂದ ಮಾಡಿದ್ದಾರೆ. ನೋಡಲು ಚೆನ್ನಾಗಿದೆ. ಆದರೆ ಮಿಂಚುಳ್ಳಿ ಕಾಣೆಯಾಗಿದೆ. ಸಂಬಂಧ ಇದೆಯಾ?
— ಹಳೆ ಕೆರೆ ನೆನಪಿರುವವರು

ಉತ್ತರ: ಇದೆ. ಮಿಂಚುಳ್ಳಿಗೆ ಬೇಕಾದದ್ದು ಮೂರು. ತಿಳಿಯಾದ ನೀರಲ್ಲಿ ಸಣ್ಣ ಮೀನು, ನೀರಿನ ಮೇಲೆ ಬಾಗಿದ ಕೊಂಬೆ, ಗೂಡಿಗೆ ಲಂಬವಾದ ಮಣ್ಣಿನ ದಂಡೆ. ಅದು ಮರದಲ್ಲಿ ಗೂಡು ಕಟ್ಟುವುದಿಲ್ಲ, ದಂಡೆಯಲ್ಲಿ ಎರಡು ಮೂರು ಅಡಿ ಉದ್ದದ ಬಿಲ ತೋಡುತ್ತದೆ. ಕಲ್ಲು ಕಟ್ಟಿದರೆ ಎಲ್ಲಿ ತೋಡಬೇಕು? ಜೊಂಡು ಹೋದರೆ ಮೀನುಮರಿಗೆ ಅಡಗಲು ಜಾಗ ಇಲ್ಲ, ನೀರುಕೋಳಿಗೆ ಗೂಡಿಲ್ಲ. ಚಂದ ಆಗಿರುವುದು ನಮ್ಮ ಕಣ್ಣಿಗೆ. ಒಂದು ಕಡೆಯ ದಂಡೆಯನ್ನಾದರೂ ಮಣ್ಣಾಗಿಯೇ, ಜೊಂಡಿನ ಜೊತೆ, ದೀಪವಿಲ್ಲದೆ ಬಿಡಿ ಅಂತ ಕೇಳಿ. ನಾಲ್ಕು ಜನ ಸೇರಿ, ಬರವಣಿಗೆಯಲ್ಲಿ ಕೇಳಿ. ಪೂರ್ತಿ ಕೆರೆಯನ್ನು ವಾಪಸ್ ಕೇಳಿದರೆ ಏನೂ ಸಿಗುವುದಿಲ್ಲ, ಒಂದು ಮೂಲೆ ಕೇಳಿದರೆ ಸಿಗಬಹುದು.

ಹೋದದ್ದು ಏನು ಅಂತ ಹೊಸಬರಿಗೂ ಗೊತ್ತಾಗಲಿ ಅಂತ ಒಂದು ವಿಷಯ ಹೇಳುತ್ತೇನೆ. ಕಿರು ಮಿಂಚುಳ್ಳಿ ಮೀನು ಹಿಡಿದು ಕೊಂಬೆಗೆ ಬಂದು, ಮೀನನ್ನು ಅತ್ತ ಇತ್ತ ಬಡಿಯುತ್ತದೆ. ಸತ್ತ ಮೇಲೆ ಕೊಕ್ಕಿನಲ್ಲಿ ತಿರುಗಿಸಿಕೊಳ್ಳುತ್ತದೆ. ಮೀನಿನ ತಲೆ ತನ್ನ ಗಂಟಲ ಕಡೆ ಇದ್ದರೆ ತಾನು ನುಂಗುತ್ತದೆ. ತಲೆ ಹೊರಗಡೆ ಇದ್ದರೆ ಯಾರಿಗೋ ಕೊಡಲಿದೆ ಅಂತ ಅರ್ಥ. ಮುಳ್ಳು, ರೆಕ್ಕೆ ಚುಚ್ಚದಿರಲಿ ಅಂತ ತಲೆ ಕಡೆಯಿಂದಲೇ ನುಂಗಬೇಕಲ್ಲ, ಅದಕ್ಕೆ. ಜೋಡಿಯಾಗುವ ಕಾಲದಲ್ಲಿ ಗಂಡು ಹೀಗೆ ಹಿಡಿದ ಮೀನನ್ನು ಹೆಣ್ಣಿನ ಮುಂದೆ ಚಾಚುತ್ತದೆ. ತೆಗೆದುಕೊಳ್ಳುವ ಹೆಣ್ಣಿನ ಕೆಳಗಿನ ಕೊಕ್ಕು ಕೆಂಪು, ಕೊಡುವ ಗಂಡಿನದು ಪೂರ್ತಿ ಕಪ್ಪು. ಎಂಟು ಪಟ್ಟಿನ ದುರ್ಬೀನಿಗೆ ಇಷ್ಟೂ ಕಾಣುತ್ತದೆ.

ಪ್ರಶ್ನೆ: ವಯಸ್ಸಾಗಿದೆ, ಮಂಡಿನೋವು. ಕೆರೆ ಸುತ್ತಲಾರೆ. ಒಂದೇ ಬೆಂಚಿನಲ್ಲಿ ಕೂತರೆ ಏನಾದರೂ ಸಿಗುತ್ತಾ?
— ಬೆಂಚಿನ ಅಜ್ಜಿ

ಉತ್ತರ: ಅಮ್ಮಾ, ಸುತ್ತುವವರಿಗಿಂತ ನಿಮಗೇ ಜಾಸ್ತಿ ಸಿಗುತ್ತದೆ. ನೀರಿನ ಕಳೆ ಕಾಣುವ ಬೆಂಚು ಆರಿಸಿಕೊಳ್ಳಿ, ಹೋದಾಗಲೆಲ್ಲ ಅದರಲ್ಲೇ ಕೂರಿ. ಹಕ್ಕಿಗಳು ನಿಮಗೆ ಒಗ್ಗಿಕೊಳ್ಳುತ್ತವೆ.

ಒಂದು ಗುಳುಮುಳುಕವನ್ನು ಹಿಡಿದುಕೊಳ್ಳಿ, ಅಂದರೆ ಕಣ್ಣಲ್ಲಿ. ಮುಳುಗಿದಾಗ ಎಣಿಸಲು ಶುರು ಮಾಡಿ. ಎಲ್ಲಿ ಏಳುತ್ತದೆ ಅಂತ ಊಹೆ ಮಾಡಿ, ತಪ್ಪುತ್ತದೆ. ಕೊಕ್ಕಿನಲ್ಲಿ ಕಳೆ ಹಿಡಿದು ಒಂದೇ ಕಡೆ ಹೋಗಿ ಬರುತ್ತಿದ್ದರೆ ಗೂಡು ಕಟ್ಟುತ್ತಿದೆ. ಅದರ ಗೂಡು ತೇಲುತ್ತದೆ, ಗಿಡಕ್ಕೆ ಕಟ್ಟಿಕೊಂಡಿರುತ್ತದೆ. ಗೂಡು ಬಿಟ್ಟು ಹೋಗುವಾಗ ಒದ್ದೆ ಕಳೆಯನ್ನು ಎಳೆದೆಳೆದು ಮೊಟ್ಟೆ ಮುಚ್ಚುತ್ತದೆ. ಗದ್ದಲವಾದರೆ ಬೇಗ ಬೇಗ ಎರಡೇ ಎಳೆತ, ಇಲ್ಲದಿದ್ದರೆ ನಿಧಾನ. ಮರಿಯಾದ ಮೇಲೆ ಬೆನ್ನ ಮೇಲೆ ಹತ್ತಿಸಿಕೊಳ್ಳುತ್ತದೆ. ರೆಕ್ಕೆಯ ನಡುವಿನಿಂದ ಪಟ್ಟೆಪಟ್ಟೆ ಪುಟ್ಟ ತಲೆ ಇಣುಕುವುದನ್ನು ನೋಡಲು ಸುತ್ತುವವರಿಗೆ ಪುರುಸೊತ್ತಿಲ್ಲ. ನೋಡಿದ್ದನ್ನು ಈ ಅಂಕಣಕ್ಕೆ ಬರೆಯಿರಿ, ಉಳಿದವರಿಗೆ ಹೊಟ್ಟೆಕಿಚ್ಚಾಗಲಿ.

ಪ್ರಶ್ನೆ: ಒಂದು ಹೆಬ್ಬಾತಿನ ಕೊರಳಿಗೆ ಪಟ್ಟಿ ಇತ್ತು, ಅದರ ಮೇಲೆ ಅಕ್ಷರ. ಯಾರದ್ದೋ ಸಾಕಿದ ಹಕ್ಕಿಯಾ? ಯಾರಿಗೆ ಹೇಳಬೇಕು?
— ಪಟ್ಟಿ ನೋಡಿದವರು

ಉತ್ತರ: ಸಾಕಿದ್ದಲ್ಲ, ಸಂಶೋಧಕರು ಹಾಕಿದ ಗುರುತು. 1899ರಲ್ಲಿ ಡೆನ್ಮಾರ್ಕಿನ ಶಾಲಾ ಮೇಷ್ಟ್ರು ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್‌ಸೆನ್ ಹಕ್ಕಿಗಳ ಕಾಲಿಗೆ ನಂಬರು, ವಿಳಾಸ ಕೊರೆದ ಅಲ್ಯೂಮಿನಿಯಂ ಉಂಗುರ ಹಾಕಿದರು. ಅಲ್ಲಿಂದ ಇದು ವ್ಯವಸ್ಥಿತವಾಗಿ ಬೆಳೆಯಿತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿದ ಪಟ್ಟೆತಲೆ ಹೆಬ್ಬಾತುಗಳು ದಕ್ಷಿಣ ಭಾರತದ ಕೆರೆಗಳಲ್ಲಿ ಕಂಡದ್ದಿದೆ. ನಿಮ್ಮದೂ ಅಂಥದ್ದೇ ಇರಬಹುದು.

ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಅಕ್ಷರ ಮೇಲಿಂದ ಕೆಳಗೆ ಓದುತ್ತದೋ ಅಡ್ಡಕ್ಕೋ, ಕಾಲಿಗೂ ಉಂಗುರ ಇದ್ದರೆ ಎಡಗಾಲೋ ಬಲಗಾಲೋ, ದಿನ, ಹೊತ್ತು, ಜೊತೆಗೆ ಎಷ್ಟು ಹಕ್ಕಿ ಇದ್ದವು, ಇಷ್ಟನ್ನೂ ಅಲ್ಲೇ ಬರೆದುಕೊಳ್ಳಿ. ಮನೆಗೆ ಬಂದು ಬರೆಯುತ್ತೇನೆ ಅಂದರೆ ಅಕ್ಷರ ಅದಲು ಬದಲಾಗುತ್ತದೆ. ಮೊಬೈಲನ್ನು ದುರ್ಬೀನಿನ ಗಾಜಿಗೆ ಹಿಡಿದು ತೆಗೆದ ಮಸುಕು ಫೋಟೊ ಆದರೂ ನಡೆಯುತ್ತದೆ. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಇಮೇಲ್ ಮಾಡಿ. ಓದಲಾಗದ ಅಕ್ಷರವನ್ನು ಊಹಿಸಿ ತುಂಬಬೇಡಿ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸಿ.